ಹಣೆ ಅಲ್ಲ, ಕೂತ ಕಲ್ಲು ಮುಟ್ಟಿ ನೋಡಿ

ಈ ಸಲ ನಾಯಿ ಬೆಕ್ಕಿನ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಟಿದೀನಿ. ಬಂದ ಪತ್ರಗಳಲ್ಲಿ ನಾಲ್ಕು ಒಂದೇ ಸಂಕಟ ಹೇಳ್ತಿದ್ವು, ಮನೇಲಿ ಸಾಕಿರೋ ಹಲ್ಲಿ ಜಾತಿ ಪ್ರಾಣಿ ಊಟ ಬಿಟ್ಟಿದೆ ಅಂತ. ನಾಲ್ಕಕ್ಕೂ ಕಾರಣ ಬೇರೆ ಬೇರೆ, ಅದಕ್ಕೇ ನಾಲ್ಕನ್ನೂ ಒಟ್ಟಿಗೆ ತಗೊಂಡೆ.

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ನಾವು ದಾವಣಗೆರೆಯವರು, ಈಗ ನ್ಯೂಜೆರ್ಸಿಯಲ್ಲಿದೀವಿ. ಮಗನಿಗೆ 11 ವರ್ಷ, ಎರಡು ವರ್ಷದ ಹಿಂದೆ ಅವನ ಹುಟ್ಟುಹಬ್ಬಕ್ಕೆ ಬಿಯರ್ಡೆಡ್ ಡ್ರ್ಯಾಗನ್ (ಗಡ್ಡದ ಓತಿ) ಮರಿ ತಂದ್ವಿ, ಗಂಡು, ಹೆಸರು ಡ್ರ್ಯಾಗೋ. ಇವತ್ತಿಗೆ 19 ದಿನ ಆಯ್ತು ಏನೂ ತಿಂತಿಲ್ಲ. ಮುಂಚೆ ಕೊಲಾರ್ಡ್ ಸೊಪ್ಪು, ಸಿಹಿಗುಂಬಳ, ಡೂಬಿಯಾ ಜಿರಲೆ ಏನು ಕೊಟ್ರೂ ಓಡಿ ಬರೋನು, ಈಗ ಮೂತಿ ಮುಂದೆ ಹುಳ ಓಡಾಡಿದ್ರೂ ಕಣ್ಣು ಮುಚ್ಕೊಳ್ತಾನೆ. ಡಿಸೆಂಬರ್‌ನಲ್ಲಿ ಅತ್ತೆ ಮಾವ ಬಂದ್ರು ಅಂತ ಅವನ ಟ್ಯಾಂಕ್ ಇದ್ದ ರೂಮು ಅವರಿಗೆ ಬಿಟ್ಟುಕೊಟ್ಟು ಟ್ಯಾಂಕನ್ನ ಹಾಲ್‌ನಲ್ಲಿ ಬಾಗಿಲ ಪಕ್ಕ ಇಟ್ವಿ, ಅದೇ ವಾರ ದೊಡ್ಡ ಬಲ್ಬ್ ಹೋಯ್ತು, ಮನೇಲಿದ್ದ ಎಲ್‌ಇಡಿ ಬಲ್ಬ್ ಹಾಕಿದೀವಿ, ಬೆಳಕು ಚೆನ್ನಾಗೇ ಇದೆ. ಉದ್ದದ ಯುವಿಬಿ (ಬಿಸಿಲಲ್ಲಿರೋ ನೇರಳಾತೀತ ಕಿರಣ ಕೊಡೋ) ಟ್ಯೂಬ್ ಮೊದಲಿಂದ ಇರೋದೇ, ಉರೀತಿದೆ. ತೂಕ ನವೆಂಬರ್‌ನಲ್ಲಿ 412 ಗ್ರಾಂ ಇತ್ತು, ನಿನ್ನೆ 398. ಹಿಕ್ಕೆ ಹಾಕಿ 12 ದಿನ ಆಯ್ತು. ಅತ್ತೆ "ಪಾಪ ಓತಿಕ್ಯಾತ ಸೊರಗೈತೆ" ಅಂತ ಬಾಳೆಹಣ್ಣು, ಮೊಸರನ್ನ ಎಲ್ಲಾ ತೋರಿಸ್ತಾರೆ. ಬಾಯಿ ತೆಗೆಸಿ ತಿನ್ನಿಸೋ ವಿಡಿಯೋ ನೋಡಿದೀನಿ, ಹಾಗೆ ಮಾಡಬಹುದಾ? ಮಗ ಸ್ಕೂಲಿಂದ ಬಂದವನೇ ಬ್ಯಾಗ್ ಕೂಡ ಇಳಿಸದೆ "ಬದುಕಿದಾನಾ ಅಮ್ಮ" ಅಂತ ಕೇಳ್ತಾನೆ.

ಉತ್ತರ: ಮೊದಲು ಮಗನಿಗೆ ಹೇಳಿ, ಡ್ರ್ಯಾಗೋ ಕೈ ಬಿಟ್ಟು ಹೋಗೋ ಸ್ಥಿತೀಲಿ ಇಲ್ಲ. ನೀವು ತೂಕ ಬರೆದಿಟ್ಟಿದ್ದು ತುಂಬಾ ಒಳ್ಳೇದಾಯ್ತು, ಅದರಿಂದಲೇ ಇಷ್ಟು ಧೈರ್ಯವಾಗಿ ಹೇಳ್ತಿದೀನಿ. 412ರಿಂದ 398 ಅಂದ್ರೆ 14 ಗ್ರಾಂ, ನೂರಕ್ಕೆ ಮೂರೂವರೆ ಭಾಗ ಕೂಡ ಆಗಲ್ಲ, 19 ದಿನ ಊಟ ಬಿಟ್ಟ ದೊಡ್ಡ ಡ್ರ್ಯಾಗನ್‌ಗೆ ಇದು ಹೆದರೋ ಲೆಕ್ಕ ಅಲ್ಲ. 371 ಗ್ರಾಂ ಅಂತ ಒಂದು ಗೆರೆ ಹಾಕ್ಕೊಳ್ಳಿ, ಅಲ್ಲಿಗೆ ಹತ್ತನೇ ಒಂದು ಭಾಗ ತೂಕ ಹೋದ ಹಾಗೆ. ಆ ಗೆರೆ ಹತ್ರ ಬಂದ್ರೆ ಒಂದು ದಿನಾನೂ ಕಾಯದೆ ಡಾಕ್ಟರ್ ಹತ್ರ ಹೋಗ್ಬೇಕು.

ಮನೇಲಿ ಮಗು ಊಟ ಬೇಡ ಅಂದ್ರೆ ನಾವು ಮೊದಲು ಮಾಡೋದೇನು, ಹಣೆ ಮುಟ್ಟಿ ನೋಡ್ತೀವಿ. ಡ್ರ್ಯಾಗೋ ಜಾತಿಗೆ ಹಣೆ ಮುಟ್ಟಿ ಪ್ರಯೋಜನ ಇಲ್ಲ, ಅದು ಕೂತ್ಕೊಳ್ಳೋ ಕಲ್ಲು ಮುಟ್ಟಿ ನೋಡ್ಬೇಕು. ನಮ್ಮ ಮೈ ಒಳಗೇ ಒಲೆ ಇದೆ, ತಿಂದಿದ್ದು ಅಲ್ಲೇ ಕರಗುತ್ತೆ. ಅದರ ಒಲೆ ಹೊರಗಿದೆ, ಆ ಬಲ್ಬ್ ಕೆಳಗಿದೆ, ಅದು ಆರಿದ್ರೆ ಹೊಟ್ಟೇಲಿ ಬಿದ್ದ ಸೊಪ್ಪು ಹುಳ ಎಲ್ಲಾ ಜೀರ್ಣ ಆಗದೆ ಹಾಗೇ ಕೊಳೀತಾ ಕೂರುತ್ತೆ, ಅದಕ್ಕೇ ಆ ಪ್ರಾಣಿ ಮೈ ತಣ್ಣಗಿರುವಾಗ ತಾನಾಗೇ ಬಾಯಿ ಮುಚ್ಚುತ್ತೆ, ಅದು ಹಠ ಅಲ್ಲ, ತನ್ನನ್ನ ತಾನು ಉಳಿಸಿಕೊಳ್ಳೋ ದಾರಿ. ನೀವು ಪತ್ರದಲ್ಲಿ "ಬೆಳಕು ಚೆನ್ನಾಗೇ ಇದೆ" ಅಂತ ಬರೆದಿದೀರಲ್ಲ, ನನಗೆ ಅಲ್ಲೇ ಅರ್ಧ ಉತ್ತರ ಸಿಕ್ತು. ಎಲ್‌ಇಡಿ ಬಲ್ಬ್ ಕರೆಂಟ್ ಉಳಿಸೋದೇ ಬಿಸಿ ಆಗದೇ ಇರೋದ್ರಿಂದ. ನಮಗೆ ಅದು ಲಾಭ, ಡ್ರ್ಯಾಗೋಗೆ ಸೂರ್ಯ ಹುಟ್ಟಿದ್ದಾನೆ ಆದ್ರೆ ಬಿಸಿಲಿಲ್ಲ. ಅದರ ಮೇಲೆ ಚಳಿಗಾಲದಲ್ಲಿ ಬಾಗಿಲ ಪಕ್ಕ, ಪ್ರತಿ ಸಲ ಬಾಗಿಲು ತೆಗೆದಾಗ್ಲೂ ಗಾಳಿ ನೇರ ಟ್ಯಾಂಕಿಗೆ. ಅಲ್ಲಿ ಮನೆ ಹೀಟಿಂಗ್ ಎಲ್ರೂ 68, 70 ಫ್ಯಾರನ್‌ಹೀಟ್ ಇಡ್ತಾರೆ, ಸ್ವೆಟರ್ ಹಾಕ್ಕೊಂಡ ಮನುಷ್ಯನಿಗೆ ಅದು ಸಾಕು, ಆಸ್ಟ್ರೇಲಿಯಾದ ಒಣ ನೆಲದಲ್ಲಿ ಬಂಡೆ ಮೇಲೆ ಬಿಸಿಲು ಕಾಯಿಸಿಕೊಂಡು ಬದುಕೋ ವಂಶಕ್ಕೆ ಸಾಲಲ್ಲ.

ಹಾಗಾಗಿ ಇವತ್ತೇ ಮಾಡ್ಬೇಕಾದ ಕೆಲಸ ಊಟದ್ದಲ್ಲ. ಟ್ಯಾಂಕನ್ನ ಬಾಗಿಲಿಂದ ದೂರ, ಜನ ಕಡಿಮೆ ಓಡಾಡೋ ಒಳಗೋಡೆ ಕಡೆ ಇಡಿ. ಸರೀಸೃಪಗಳಿಗೆ ಅಂತಲೇ ಮಾರೋ, ಮೈ ಕಾಯಿಸೋ ಬಾಸ್ಕಿಂಗ್ ಬಲ್ಬ್ ಅಥವಾ ಹ್ಯಾಲೊಜೆನ್ ಫ್ಲಡ್ ಬಲ್ಬ್ ಹಾಕಿ, ಅದರ ಕೆಳಗಿನ ಕಲ್ಲಿನ ಮೇಲ್ಮೈ 100ರಿಂದ 105 ಫ್ಯಾರನ್‌ಹೀಟ್ ಬರ್ಬೇಕು, ಅಂದ್ರೆ ಸುಮಾರು 38ರಿಂದ 41 ಡಿಗ್ರಿ ಸೆಲ್ಸಿಯಸ್. ಟ್ಯಾಂಕಿನ ಇನ್ನೊಂದು ತುದಿ 75ರಿಂದ 80 ಫ್ಯಾರನ್‌ಹೀಟ್ ಇರ್ಲಿ, ಸಾಕು ಅನ್ನಿಸಿದಾಗ ಅದು ಅಲ್ಲಿಗೆ ಸರಿದು ಕೂರ್ಬೇಕಲ್ಲ. ರಾತ್ರಿ ಎಲ್ಲಾ ದೀಪ ಆರಿಸಿ, 65ಕ್ಕಿಂತ ಕೆಳಗೆ ಹೋಗದೆ ಇದ್ರೆ ಸಾಕು, ಕೆಂಪು ಬಲ್ಬ್ ಬೇಡ, ಅದಕ್ಕೂ ಕತ್ತಲೆಯಲ್ಲೇ ನಿದ್ದೆ. ಅಳೆಯೋದಕ್ಕೆ ಟ್ಯಾಂಕ್ ಗೋಡೆಗೆ ಅಂಟಿಸೋ ದುಂಡು ಮೀಟರ್ ನಂಬಬೇಡಿ, ಅದು ಗಾಜಿನ ಹತ್ರದ ಗಾಳಿ ತೋರಿಸುತ್ತೆ, ಕಲ್ಲಿನ ಬಿಸಿ ತೋರಿಸಲ್ಲ. ಗುರಿ ಇಟ್ಟು ಒತ್ತಿದ್ರೆ ಮೇಲ್ಮೈ ಬಿಸಿ ತೋರಿಸೋ ಇನ್‌ಫ್ರಾರೆಡ್ ಥರ್ಮಾಮೀಟರ್ ಹಾರ್ಡ್‌ವೇರ್ ಅಂಗಡೀಲಿ ಸಿಗುತ್ತೆ, ಮಗನ ಕೈಗೇ ಕೊಡಿ, ದಿನಾ ಬೆಳಗ್ಗೆ ಸಂಜೆ ಅವನೇ ಬರೆದಿಡ್ಲಿ. ಅಳ್ತಾ ಕೂರೋದಕ್ಕಿಂತ ಕೈಗೆ ಒಂದು ಕೆಲಸ ಸಿಕ್ರೆ ಮಕ್ಕಳಿಗೆ ಎಷ್ಟೋ ಸಮಾಧಾನ.

ಆಮೇಲೆ ಆ ಯುವಿಬಿ ಟ್ಯೂಬ್. ಉರೀತಿದೆ ಅಂದ ಮಾತ್ರಕ್ಕೆ ಕೆಲಸ ಮಾಡ್ತಿದೆ ಅಂತ ಅಲ್ಲ, ಕಣ್ಣಿಗೆ ಕಾಣೋ ಬೆಳಕು ವರ್ಷಗಟ್ಟಲೆ ಇರುತ್ತೆ, ಕಾಣದ ಯುವಿಬಿ ವರ್ಷದೊಳಗೇ ಇಳಿದುಹೋಗುತ್ತೆ, ಎರಡು ವರ್ಷದ ಟ್ಯೂಬ್ ನಿಮ್ಮ ಪಾಲಿಗೆ ಬರೀ ಟ್ಯೂಬ್‌ಲೈಟು. ಆ ಕಿರಣ ಚರ್ಮಕ್ಕೆ ಬಿದ್ರೇನೇ ಮೈಯಲ್ಲಿ ಡಿ3 ವಿಟಮಿನ್ ಆಗೋದು, ಡಿ3 ಇದ್ರೇನೇ ಊಟದ ಕ್ಯಾಲ್ಸಿಯಂ ರಕ್ತಕ್ಕೆ ಸೇರೋದು. ಇಲ್ಲ ಅಂದ್ರೆ ಎಲುಬಿಂದ ಕ್ಯಾಲ್ಸಿಯಂ ಕಿತ್ಕೊಂಡು ಬದುಕೋಕೆ ಶುರು ಮಾಡುತ್ತೆ, ದವಡೆ ರಬ್ಬರ್ ಥರ ಮೆತ್ತಗಾಗುತ್ತೆ, ಕಾಲು ಡೊಂಕಾಗುತ್ತೆ, ಬೆರಳು ನಡುಗುತ್ತೆ, ಅಗಿಯೋಕೆ ನೋವಾಗಿ ಊಟಾನೂ ಬಿಡುತ್ತೆ. ಟಿ5 ಟ್ಯೂಬ್, 10 ಅಥವಾ 12 ಪರ್ಸೆಂಟ್ ಯುವಿಬಿ ಅಂತ ಬರೆದಿರೋದು ತಂದು ವರ್ಷಕ್ಕೊಂದು ಸಲ ಬದಲಾಯಿಸಿ, ತಂದ ತಾರೀಖನ್ನ ಪೆನ್‌ನಲ್ಲಿ ಅದರ ಮೇಲೇ ಬರೀರಿ. ಕಿಟಕಿ ಹತ್ರ ಇಟ್ರೆ ಬಿಸಿಲು ಸಿಗುತ್ತಲ್ಲ ಅಂತ ಕೇಳ್ತೀರೇನೋ, ಗಾಜು ಯುವಿಬಿನ ತಡೆದುಬಿಡುತ್ತೆ.

ಬಿಸಿ ಸರಿ ಮಾಡಿದ ದಿನಾನೇ ಹುಳ ಹಾಕ್ಬೇಡಿ. ಎರಡು ಮೂರು ದಿನ ಮೈ ಕಾಯ್ಲಿ. ದಿನಕ್ಕೊಂದು ಸಲ ಉಗುರುಬೆಚ್ಚಗಿನ ನೀರಲ್ಲಿ, ಅದರ ಮೊಣಕೈ ಮುಳುಗೋ ಅಷ್ಟು ಮಾತ್ರ, 15 ನಿಮಿಷ ನಿಲ್ಲಿಸಿ, ಪಕ್ಕದಲ್ಲೇ ಇರಿ, ಹಿಕ್ಕೆ ಸಾಮಾನ್ಯವಾಗಿ ಆ ನೀರಲ್ಲೇ ಬರುತ್ತೆ. ಬಂದಾಗ ಬಿಳಿ ಭಾಗ ನೋಡಿ, ಸುಣ್ಣದ ಥರ ಬೆಳ್ಳಗಿದ್ರೆ ಮೈಯಲ್ಲಿ ನೀರಿದೆ, ಹಳದಿ ಕಿತ್ತಳೆ ಬಣ್ಣ ಇದ್ರೆ ಒಣಗಿದೆ, ಮೂತಿ ತುದಿಗೆ ಹನಿ ಹನಿ ನೀರು ಬಿಟ್ಟು ನೆಕ್ಕಿಸಿ. ಹಿಕ್ಕೆ ಬಂದ ಮೇಲೆ ದೀಪ ಹಾಕಿ ಎರಡು ಗಂಟೆ ಆದ ನಂತರ ಬೆಳಗ್ಗೆ ಹೊತ್ತು ಸ್ವಲ್ಪ ಸೊಪ್ಪು, ಒಂದೆರಡು ಹುಳ. ಸಂಜೆ ತಿನ್ನಿಸಿ ದೀಪ ಆರಿಸಿಬಿಟ್ರೆ ರಾತ್ರಿಯಿಡೀ ಹೊಟ್ಟೇಲಿ ತಣ್ಣನೆ ಊಟ ಕೂತಿರುತ್ತೆ. ಇನ್ನೊಂದು, ಮರಿ ಇದ್ದಾಗ ತಿಂದಷ್ಟು ಈಗ ತಿನ್ನಲ್ಲ. ಮರಿಗೆ ಹುಳ ಜಾಸ್ತಿ ಸೊಪ್ಪು ಕಡಿಮೆ, ದೊಡ್ಡದಕ್ಕೆ ಅದು ಉಲ್ಟಾ, ನೂರರಲ್ಲಿ 80 ಭಾಗ ಸೊಪ್ಪು ತರಕಾರಿ, ಹುಳ ವಾರಕ್ಕೆ ಎರಡು ಮೂರು ದಿನ ಸಾಕು.

ಬಾಯಿ ತೆಗೆಸಿ ತಿನ್ನಿಸೋದು ಬೇಡ, ದಯವಿಟ್ಟು ಬೇಡ. ಆ ವಿಡಿಯೋಗಳನ್ನ ನಾನೂ ನೋಡಿದೀನಿ. ನಾಲಿಗೆ ಬುಡದಲ್ಲೇ ಉಸಿರಿನ ದ್ವಾರ ಇರುತ್ತೆ, ಕೈ ಸ್ವಲ್ಪ ತಪ್ಪಿದ್ರೂ ಊಟ ಶ್ವಾಸಕೋಶಕ್ಕೆ ಹೋಗುತ್ತೆ. ಜೊತೆಗೆ ತಣ್ಣನೆ ಹೊಟ್ಟೆಗೆ ಊಟ ತುಂಬೋದು, ನೀರಿಲ್ಲದ ಮೈಗೆ ಊಟ ತುಂಬೋದು, ಎರಡೂ ಉಪವಾಸಕ್ಕಿಂತ ಅಪಾಯ. ಕೆಲವು ಸಲ ಸಿರಿಂಜಲ್ಲಿ ತಿನ್ನಿಸಲೇಬೇಕಾಗುತ್ತೆ, ನಿಜ, ಆದ್ರೆ ಪರೀಕ್ಷೆ ಮಾಡಿದ ಡಾಕ್ಟರ್ ಕೈ ಹಿಡಿದು ತೋರಿಸಿಕೊಟ್ಟ ಮೇಲೆ. ಪ್ರಾಕ್ಟೀಸ್ ಶುರು ಮಾಡಿದ ಹೊಸದರಲ್ಲಿ ನಾನೇ ಒಂದು ಡ್ರ್ಯಾಗನ್‌ಗೆ ಮನೆಯವರ ಹತ್ರ ದೀಪದ ವಿಷಯ ಒಂದು ಮಾತೂ ಕೇಳದೆ ಹಸಿವಿನ ಔಷಧಿ ಬರೆದು ಕಳಿಸಿದ್ದೆ, ಒಂದು ವಾರ ಬಿಟ್ಟು ಇನ್ನೂ ಸೋತುಹೋಗಿ ವಾಪಸ್ ಬಂತು, ಅವರ ಮನೇಲಿ ಟೈಮರ್ ಕೆಟ್ಟು ದೀಪ ಮಧ್ಯಾಹ್ನಕ್ಕೇ ಆರಿಹೋಗ್ತಿತ್ತು. ಆ ಪ್ರಾಣಿ ಉಳೀತು, ಆದ್ರೆ ಅವತ್ತಿಂದ ಯಾರೇ ಬಂದ್ರೂ ಪ್ರಾಣೀನ ನೋಡೋ ಮೊದಲು ಟ್ಯಾಂಕಿನ ಫೋಟೋ ತೋರಿಸಿ ಅಂತೀನಿ.

ಎಲ್ಲಾ ಸರಿ ಮಾಡಿ ಹತ್ತು ದಿನ ಆದ ಮೇಲೂ ಅದು ತಣ್ಣನೆ ತುದಿಗೇ ಹೋಗಿ ಮೂಲೇಲಿ ತಲೆ ತೂರಿಸಿ ಮಲಗಿದ್ರೆ? ಆಗ ಅದು ಚಳಿನಿದ್ದೆ ಇರಬಹುದು, ಬ್ರುಮೇಶನ್ ಅಂತಾರೆ. ವರ್ಷ ದಾಟಿದ ಡ್ರ್ಯಾಗನ್‌ಗಳು ಚಳಿಗಾಲದಲ್ಲಿ ಕೆಲವು ವಾರದಿಂದ ಮೂರು ತಿಂಗಳವರೆಗೂ ಹೀಗೆ ಮಲಗ್ತಾವೆ, ನಡುವೆ ಎದ್ದು ನೀರು ಕುಡಿದು ಮತ್ತೆ ಮಲಗ್ತಾವೆ, ತೂಕ ಅಷ್ಟಾಗಿ ಇಳಿಯಲ್ಲ. ಕಾಯಿಲೆ ಬಿದ್ದ ಡ್ರ್ಯಾಗನ್ನೂ ಹೀಗೇ ಮಲಗೋದು, ಕಷ್ಟ ಇರೋದು ಅಲ್ಲೇ. ಕರುಳಲ್ಲಿ ಕಾಕ್ಸಿಡಿಯಾ ಅನ್ನೋ ಕಣ್ಣಿಗೆ ಕಾಣದ ಪರಾವಲಂಬಿ ಅಥವಾ ಸೂಜಿಹುಳ ಜಾಸ್ತಿ ಆಗಿದ್ರೆ ಊಟ ಬಿಡುತ್ತೆ, ಅದು ಹೊರಗಿಂದ ಗೊತ್ತಾಗಲ್ಲ, ತಾಜಾ ಹಿಕ್ಕೆನ ಮೈಕ್ರೋಸ್ಕೋಪ್ ಕೆಳಗೆ ನೋಡ್ಲೇಬೇಕು. ಅದಕ್ಕೆ ಮಲಗೋಕೆ ಬಿಡೋ ಮುಂಚೆ ಒಂದು ಸಲ ತೋರಿಸಿ. ನಾಯಿ ಬೆಕ್ಕು ನೋಡೋ ಡಾಕ್ಟ್ರೆಲ್ಲಾ ಇದನ್ನ ನೋಡಲ್ಲ, ಸರೀಸೃಪ ಮತ್ತು ಉಭಯಚರಗಳ ಪಶುವೈದ್ಯರದ್ದೇ ಒಂದು ಸಂಘ ಅಮೆರಿಕದಲ್ಲಿದೆ, ಎಆರ್‌ಎವಿ ಅಂತ, ಅವರ ವೆಬ್‌ಸೈಟಲ್ಲಿ ಊರು ಹಾಕಿದ್ರೆ ಹತ್ತಿರದವರ ಪಟ್ಟಿ ಬರುತ್ತೆ. ಗಡ್ಡ ದಿನವಿಡೀ ಕಪ್ಪಗೇ ಇದ್ರೆ, ಹಿಂಗಾಲು ಎಳೀತಿದ್ರೆ, ಬಿಸಿ ಇಲ್ಲದ ಜಾಗದಲ್ಲೂ ಬಾಯಿ ತೆರೆದು ಉಸಿರಾಡ್ತಿದ್ರೆ, ಹೊಟ್ಟೆ ಉಬ್ಬಿ ಹಿಕ್ಕೆ ಬರದೇ ಇದ್ರೆ, ಕಣ್ಣು ಒಳಗೆ ಇಳಿದಿದ್ರೆ ಈ ಹತ್ತು ದಿನದ ಲೆಕ್ಕ ಎಲ್ಲಾ ಬಿಟ್ಟು ಅದೇ ದಿನ ಹೊರಡಿ.

ನಿಮ್ಮ ಅತ್ತೆಯವರಿಗೆ ಎರಡು ಮಾತು. ಅಮ್ಮ, ಮೊಸರನ್ನ ಬೇಡ, ಹಾಲು ಮೊಸರು ಅದರ ಹೊಟ್ಟೆಗೆ ಆಗಿಬರಲ್ಲ. ಬಾಳೆಹಣ್ಣೂ ದಿನಾ ಬೇಡ. ಆದ್ರೆ ನೀವು ಅದನ್ನ ಓತಿಕ್ಯಾತ ಅಂದಿದ್ದು ಸರಿಯಾಗೇ ಇದೆ, ನಮ್ಮ ಬೇಲಿ ಮೇಲಿನ ಓತಿಕ್ಯಾತ, ಆಸ್ಟ್ರೇಲಿಯಾದ ಈ ಗಡ್ಡದ ಓತಿ ಎರಡೂ ಅಗಾಮಿಡೇ ಅನ್ನೋ ಒಂದೇ ಕುಟುಂಬಕ್ಕೆ ಸೇರಿದ್ವು, ದಾಯಾದಿಗಳು ಅನ್ನಿ. ಹಾಗೇ ಅದರ ಬಟ್ಟಲನ್ನ ಅಡುಗೆಮನೆ ಸಿಂಕಲ್ಲಿ ತೊಳೀಬೇಡಿ, ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೀರಿ, ಆರೋಗ್ಯವಾಗಿರೋ ಡ್ರ್ಯಾಗನ್ ಕೂಡ ಹಿಕ್ಕೇಲಿ ಸಾಲ್ಮೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಬಿಡಬಹುದು, ವಯಸ್ಸಾದವರಿಗೂ ಚಿಕ್ಕ ಮಕ್ಕಳಿಗೂ ಅದು ಜೋರಾಗಿ ಹಿಡಿಯುತ್ತೆ.

ಪ್ರಶ್ನೆ: ಸರ್, ಬೆಂಗಳೂರು ಬಸವನಗುಡಿಯಿಂದ ಬರೀತಿದೀನಿ. ನಮ್ಮ ಹತ್ರ ನಾಲ್ಕು ವರ್ಷದ ಹಸಿರು ಇಗ್ವಾನಾ ಇದೆ, ಹೆಣ್ಣು ಅಂತ ಡಾಕ್ಟರ್ ಹೇಳಿದ್ರು, ಒಂದೇ ಇರೋದು, ಜೋಡಿ ಇಲ್ಲ. ಹತ್ತು ದಿನದಿಂದ ಊಟ ಮುಟ್ಟಿಲ್ಲ, ಆದ್ರೆ ಸುಸ್ತಿಲ್ಲ, ಬದಲಿಗೆ ಸುಮ್ನೆ ಕೂರಲ್ಲ, ಗೂಡಿನ ಮೂಲೆ ಕೆರೀತಾ ಇರುತ್ತೆ, ಹೊಟ್ಟೆ ಎರಡೂ ಕಡೆ ಉಬ್ಬಿದೆ. ಗ್ಯಾಸ್ ಇರಬಹುದಾ? ಶಕ್ತಿ ಬರ್ಲಿ ಅಂತ ಬೇಯಿಸಿದ ಮೊಟ್ಟೆ ಕೊಟ್ಟೆ, ಅದೂ ಬೇಡ ಅಂತು.

ಉತ್ತರ: ಗ್ಯಾಸ್ ಅಲ್ಲ, ನನ್ನ ಅಂದಾಜು ಮೊಟ್ಟೆ. ಜೋಡಿ ಇಲ್ಲದೆ ಹೇಗೆ ಅಂತ ನಿಮಗೆ ಅನ್ನಿಸಬಹುದು, ನಾಟಿಕೋಳಿ ಹುಂಜ ಇಲ್ಲದೆ ಇಡಲ್ವಾ, ಹಾಗೇ ಇದೂ, ಮರಿ ಆಗಲ್ಲ ಅಷ್ಟೆ. ದೊಡ್ಡ ಹೆಣ್ಣು ಇಗ್ವಾನಾ ವರ್ಷಕ್ಕೊಂದು ಸಲ 20, 30, ಒಮ್ಮೊಮ್ಮೆ ಅದಕ್ಕೂ ಜಾಸ್ತಿ ಮೊಟ್ಟೆ ಇಡುತ್ತೆ, ಅಷ್ಟು ಮೊಟ್ಟೆ ಹೊಟ್ಟೇಲಿ ತುಂಬಿದಾಗ ಊಟಕ್ಕೆ ಜಾಗ ಎಲ್ಲಿಂದ ಬರ್ಬೇಕು. ಇಡೋ ಮುಂಚೆ ಎರಡು ಮೂರು ವಾರ ಊಟ ಬಿಟ್ಟು ಚುರುಕಾಗಿ ಓಡಾಡ್ಕೊಂಡು ಮೂಲೆ ಕೆರೆಯೋದು ಸಹಜ. ಅದು ಕೇಳ್ತಿರೋದು ಊಟ ಅಲ್ಲ, ಮಣ್ಣು.

ಅದಕ್ಕೆ ಮಣ್ಣು ಕೊಡಿ. ಅದು ಒಳಗೆ ಹೊಕ್ಕು ತಿರುಗಿ ಹೊರಬರೋ ಅಷ್ಟು ದೊಡ್ಡ ಮುಚ್ಚಳದ ಪ್ಲಾಸ್ಟಿಕ್ ಡಬ್ಬ, ಪಕ್ಕದಲ್ಲಿ ತೂತು, ಒಳಗೆ ಒಂದಡಿಗಿಂತ ಜಾಸ್ತಿ ಆಳಕ್ಕೆ ಮರಳು ಮಣ್ಣು ಬೆರೆಸಿ, ಮುಷ್ಟೀಲಿ ಹಿಡಿದ್ರೆ ಉಂಡೆ ಆಗ್ಬೇಕು, ನೀರು ಒಸರಬಾರ್ದು, ಅಷ್ಟು ಹಸಿ. ಬೆಚ್ಚಗಿರೋ ಕತ್ತಲೆ ಜಾಗದಲ್ಲಿಟ್ಟು ನೀವು ದೂರ ಹೋಗಿ, ಪದೇ ಪದೇ ಇಣುಕಬೇಡಿ, ನೋಡ್ತಿದಾರೆ ಅನ್ನಿಸಿದ್ರೆ ಇಡೋದನ್ನ ತಡ್ಕೊಳ್ಳುತ್ತೆ. ಇದೇ ವಾರ ಒಂದು ಎಕ್ಸ್‌ರೇ ತೆಗೆಸಿ, ಮೊಟ್ಟೆ ಹೌದಾ, ಎಷ್ಟಿವೆ, ಎಲುಬು ಗಟ್ಟಿ ಇದೆಯಾ ಮೂರೂ ಗೊತ್ತಾಗುತ್ತೆ. ಓಡಾಟ ನಿಂತು ಕಣ್ಣು ಮುಚ್ಚಿ ಬಿದ್ಕೊಂಡ್ರೆ, ಕಾಲು ನಡುಗಿದ್ರೆ, ಒಂದಷ್ಟು ಇಟ್ಟು ಇನ್ನೊಂದಷ್ಟು ಒಳಗೇ ಉಳಿದ್ರೆ ಅದು ಮೊಟ್ಟೆ ಸಿಕ್ಕಿಹಾಕ್ಕೊಂಡಿರೋದು, ಆಪರೇಷನ್ ಬೇಕಾಗಬಹುದು, ನಾಳೆ ನೋಡೋಣ ಅಂತ ಬಿಡೋ ಹಾಗಿಲ್ಲ.

ಬೇಯಿಸಿದ ಮೊಟ್ಟೆ ಇನ್ನು ಮುಂದೆ ಬೇಡ, ಚಿಕನ್ನೂ ಬೇಡ, ನಾಯಿ ಬಿಸ್ಕತ್ತೂ ಬೇಡ. ಇಗ್ವಾನಾ ಪೂರ್ತಿ ಸೊಪ್ಪು ತಿನ್ನೋ ಪ್ರಾಣಿ, ಮಾಂಸದ ಪ್ರೋಟೀನು ವರ್ಷಗಟ್ಟಲೆ ಹೋದ್ರೆ ಕಿಡ್ನಿ ಹಾಳಾಗುತ್ತೆ, ಯೂರಿಕ್ ಆಸಿಡ್ ಕೀಲಲ್ಲಿ ಕೂತ್ಕೊಳ್ಳುತ್ತೆ. ಈ ವಿಷಯದಲ್ಲಿ ನಾವು ಪುಣ್ಯ ಮಾಡಿದೀವಿ ನೋಡಿ, ನುಗ್ಗೆಸೊಪ್ಪು, ದಾಸವಾಳದ ಎಲೆ ಹೂವು, ಸಿಹಿಗುಂಬಳ, ಬೀನ್ಸ್, ರಾಮನಗರ ಕಡೆಯಿಂದ ಯಾರಾದ್ರೂ ಬರೋರಿದ್ರೆ ಹಿಪ್ಪುನೇರಳೆ ಸೊಪ್ಪು, ಹೊರದೇಶದಲ್ಲಿ ದುಡ್ಡು ಕೊಟ್ರೂ ತಾಜಾ ಸಿಗದಿರೋದು ಇಲ್ಲಿ ಮನೆ ಹಿತ್ತಲಲ್ಲೇ ಇರುತ್ತೆ. ಔಷಧಿ ಹೊಡೆದಿರಬಾರ್ದು, ಅದೊಂದು ಕೇಳ್ಕೊಳ್ಳಿ. ಪಾಲಕ್ ದಿನಾ ಬೇಡ, ಅದರಲ್ಲಿರೋ ಆಕ್ಸಲೇಟ್ ಕ್ಯಾಲ್ಸಿಯಂನ ಹಿಡಿದಿಟ್ಕೊಳ್ಳುತ್ತೆ, ಮೊಟ್ಟೆ ಇಡೋ ಹೆಣ್ಣಿಗೆ ಬೇಕಾಗಿರೋದೇ ಕ್ಯಾಲ್ಸಿಯಂ.

ಬಿಸಿ ವಿಷಯ ನಿಮಗೂ ಇದೆ. ಬೆಂಗಳೂರಲ್ಲಿ ಡಿಸೆಂಬರ್ ಜನವರಿ ರಾತ್ರಿ 15, 16 ಡಿಗ್ರಿಗೆ ಇಳಿಯುತ್ತೆ, ಬಾಲ್ಕನಿ ಗೂಡಲ್ಲಿ ಮಲಗೋ ಇಗ್ವಾನಾಗೆ ಅದು ಯಾತನೆ. ಬೆಳಕಿಲ್ಲದೆ ಬಿಸಿ ಮಾತ್ರ ಕೊಡೋ ಸೆರಾಮಿಕ್ ಹೀಟರ್ ಥರ್ಮೋಸ್ಟಾಟ್ ಜೊತೆ ಹಾಕಿ, ಸುತ್ತ ಜಾಲರಿ ಇರ್ಲಿ, ಮೈ ತಾಗಿ ಸುಟ್ಟುಕೊಂಡು ಬಂದವನ್ನ ನೋಡಿ ನನಗೆ ಸಾಕಾಗಿದೆ. ಬೆಳಗ್ಗೆ 8ರಿಂದ 10ರೊಳಗೆ ಟೆರೇಸ್ ಮೇಲೆ ತಂತಿಬಲೆ ಪಂಜರದಲ್ಲಿಟ್ಟು ನೇರ ಬಿಸಿಲು ಕೊಡಿ, ಅರ್ಧ ಭಾಗ ನೆರಳಿರ್ಬೇಕು. ಗಾಜಿನ ಟ್ಯಾಂಕಲ್ಲಿ ಬಿಸಿಲಿಗೆ ಇಡ್ಲೇಬೇಡಿ, ಹತ್ತು ನಿಮಿಷದಲ್ಲಿ ಒಳಗೆ ಕುಲುಮೆ ಆಗುತ್ತೆ. ನಮ್ಮ ಬೆಂಗಳೂರಿನ ಹದ್ದುಗಳು ಕೈಯಲ್ಲಿರೋ ಬೋಂಡಾನೇ ಬಿಡಲ್ಲ, ಬರೀ ಟೆರೇಸ್ ಮೇಲೆ ಬಿಟ್ಟು ಒಳಗೆ ಹೋಗ್ಬೇಡಿ.

ಇನ್ನೊಂದು ಮುಖ್ಯ ವಿಷಯ. ಇಗ್ವಾನಾ ಕಾಡುಪ್ರಾಣಿ ಗಿಡಗಳ ವ್ಯಾಪಾರಕ್ಕೆ ಕಡಿವಾಣ ಹಾಕೋ ಅಂತಾರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿರೋ ಪ್ರಾಣಿ. 2022ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ಆದ ಮೇಲೆ ಇಂಥವನ್ನ ಸಾಕಿರೋರು ಅರಣ್ಯ ಇಲಾಖೆಯಲ್ಲಿ ನೋಂದಾಯಿಸ್ಬೇಕು, ನಿಯಮ 2024ರಲ್ಲಿ ಬಂದಿದೆ, ಅರ್ಜಿ ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ. ಮಾಡಿಸಿಲ್ಲ ಅಂದ್ರೆ ಮುಚ್ಚಿಡೋಕೆ ಹೋಗದೆ ಮುಖ್ಯ ವನ್ಯಜೀವಿ ಪರಿಪಾಲಕರ ಕಚೇರೀಲಿ ಕೇಳಿ. ಕಾಗದ ಇಲ್ಲ ಅನ್ನೋ ಹೆದರಿಕೆಗೆ ಪ್ರಾಣೀನ ಡಾಕ್ಟರ್‌ಗೆ ತೋರಿಸದೆ ಮನೇಲೇ ಸಾಯೋಕೆ ಬಿಟ್ಟವರಿದ್ದಾರೆ, ಅದು ನನಗೆ ತುಂಬಾ ನೋವು ಕೊಡೋ ವಿಷಯ. ಮೊಟ್ಟೆ ಇಟ್ಟ ಮೇಲೆ ಸೊಪ್ಪಿಗೆ ಬಾಯಿ ಹಾಕ್ತಾ ಅಂತ ತಿಳಿಸಿ.

ಪ್ರಶ್ನೆ: ಟೆಕ್ಸಸ್‌ನಿಂದ. ಮೂರು ತಿಂಗಳ ಬಿಯರ್ಡೆಡ್ ಡ್ರ್ಯಾಗನ್ ಮರಿ ತಂದು ಐದು ದಿನ ಆಯ್ತು, ಎರಡು ಹುಳ ತಿಂದಿದೆ ಅಷ್ಟೆ. ಟ್ಯಾಂಕಲ್ಲಿ 20 ಕ್ರಿಕೆಟ್ ಹುಳ (ಮಿಡತೆ ಥರದ್ದು) ಬಿಟ್ಟಿದೀನಿ, ಬೇಕಾದಾಗ ತಿನ್ಲಿ ಅಂತ. ಮಕ್ಕಳಿಬ್ಬರೂ ಅದನ್ನ ಕೆಳಗೇ ಇಳಿಸಲ್ಲ, ಯಾವಾಗ್ಲೂ ಕೈಯಲ್ಲೇ.

ಉತ್ತರ: ಮೊದಲು ಆ 20 ಹುಳ ಹೊರಗೆ ತೆಗೀರಿ. ರಾತ್ರಿ ಹೊತ್ತು ಹಸಿದ ಕ್ರಿಕೆಟ್ ಹುಳಗಳು ಮಲಗಿರೋ ಮರಿಯ ಬೆರಳು, ಕಣ್ಣಿನ ಅಂಚು ಕಚ್ಚುತ್ವೆ, ಹಾಗೆ ಕಚ್ಚಿಸಿಕೊಂಡ ಮರಿ ಆಮೇಲೆ ಹುಳ ಕಂಡ್ರೇ ಹಿಂದೆ ಸರಿಯುತ್ತೆ. ಒಂದೊಂದೇ ಹಾಕಿ, ಹತ್ತು ನಿಮಿಷದಲ್ಲಿ ತಿನ್ನದೆ ಉಳಿದಿದ್ದನ್ನ ತೆಗೀರಿ. ಹುಳದ ಉದ್ದ ಮರಿಯ ಎರಡು ಕಣ್ಣಿನ ನಡುವಿನ ಜಾಗಕ್ಕಿಂತ ಜಾಸ್ತಿ ಇರಬಾರ್ದು, ಮೇಲೆ ಕ್ಯಾಲ್ಸಿಯಂ ಪುಡಿ ಉದುರಿಸಿ. ಕೆಳಗೆ ಮರಳು ಹಾಸಿದ್ರೆ ತೆಗೆದು ಪೇಪರ್ ಟವೆಲ್ ಹಾಸಿ, ಮರಳು ನುಂಗಿ ಕರುಳು ಕಟ್ಟುತ್ತೆ. ಬಿಸಿ, ಯುವಿಬಿ ಮೇಲೆ ಹೇಳಿದ ಹಾಗೇ, ಮರಿಗೆ ಕಲ್ಲು ಇನ್ನೂ ಸ್ವಲ್ಪ ಬಿಸಿ ಇದ್ರೂ ಸರಿ.

ಮಕ್ಕಳಿಗೆ ಒಂದು ವಾರ ಕೈ ಕಟ್ಟಿ ನೋಡೋಕೆ ಹೇಳಿ. ಹೊಸ ಮನೆ, ಹೊಸ ಸದ್ದು, ಮೇಲಿಂದ ಇಳಿದು ಬರೋ ದೊಡ್ಡ ಕೈ, ಮರಿಗೆ ಅದು ಹದ್ದಿನ ಥರ ಕಾಣುತ್ತೆ. ಟ್ಯಾಂಕಿನ ಮೂರು ಕಡೆ ಹೊರಗಿಂದ ಪೇಪರ್ ಅಂಟಿಸಿ, ಗಾಜಲ್ಲಿ ತನ್ನ ಪ್ರತಿಬಿಂಬ ನೋಡಿ ಇನ್ನೊಂದು ಡ್ರ್ಯಾಗನ್ ಅಂತ ಹೆದರೋದೂ ಇದೆ. ದೊಡ್ಡ ಡ್ರ್ಯಾಗನ್ ಮೂರು ವಾರ ತಡ್ಕೊಂಡ ಹಾಗೆ ಮರಿ ತಡ್ಕೊಳ್ಳಲ್ಲ, ಮೈಯಲ್ಲಿ ಉಳಿತಾಯ ಇರಲ್ಲ. ಇನ್ನೂ ಮೂರು ನಾಲ್ಕು ದಿನದಲ್ಲಿ ತಿನ್ನೋಕೆ ಶುರು ಮಾಡ್ಲಿಲ್ಲ ಅಂದ್ರೆ ಹಿಕ್ಕೆ ಸಮೇತ ತಗೊಂಡು ಹೋಗಿ ತೋರಿಸಿ, ವರ್ಷ ತುಂಬದ ಮರಿಗೆ ಚಳಿನಿದ್ದೆ ಅಂತ ಸುಮ್ನಿರಬಾರ್ದು.

ಮತ್ತೆ ಬೇಸಿಗೆ ಬಂದ ಮೇಲೆ ಮಕ್ಕಳು ಹಿತ್ತಲಿಂದ ಹುಳ ಹಿಡಿದು ತರ್ತಾರೆ, ಅದಕ್ಕೆ ಈಗಲೇ ಹೇಳ್ತೀನಿ, ಮಿಂಚುಹುಳ ಒಂದೇ ಒಂದು ಸಾಕು, ಡ್ರ್ಯಾಗನ್ ಕೆಲವೇ ಗಂಟೆಗಳಲ್ಲಿ ಸತ್ತುಹೋಗಬಹುದು. ಅದರ ಮೈಯಲ್ಲಿ ಹೃದಯಕ್ಕೆ ಹೊಡೆಯೋ ವಿಷ ಇದೆ, ಅಲ್ಲಿನ ಹಲ್ಲಿಗಳು ಅದನ್ನ ಮುಟ್ಟಲ್ಲ, ಆಸ್ಟ್ರೇಲಿಯಾದಿಂದ ಬಂದಿದ್ದಕ್ಕೆ ಅದು ಗೊತ್ತಿಲ್ಲ. ಸತ್ತು ಬಿದ್ದ ಮಿಂಚುಹುಳಾನೂ ಅಷ್ಟೇ.

ಪ್ರಶ್ನೆ: ಡಾಕ್ಟರ್ ಮಾಮ, ನಾನು 7ನೇ ಕ್ಲಾಸು, ತಿಪಟೂರು ಹತ್ರ ನಮ್ಮೂರು. ತೋಟದಲ್ಲಿ ಒಂದು ಓತಿಕ್ಯಾತ ಹಿಡಿದು ಶೂ ಡಬ್ಬೀಲಿ ಸಾಕ್ತಾ ಇದೀನಿ. ಮೂರು ದಿನದಿಂದ ಅನ್ನ ಹಾಕಿದ್ರೂ ತಿಂತಿಲ್ಲ, ಇರುವೆ ಹಾಕಿದ್ರೂ ತಿಂತಿಲ್ಲ. ಕುತ್ತಿಗೆ ಮೊದಲು ಕೆಂಪಗಿತ್ತು ಈಗ ಕಂದು ಆಗಿದೆ. ಏನು ಕೊಟ್ರೆ ತಿನ್ನುತ್ತೆ?

ಉತ್ತರ: ಪುಟ್ಟಾ, ಕುತ್ತಿಗೆ ಬಣ್ಣ ಬದಲಾಗಿದ್ದನ್ನ ಗಮನಿಸಿದೀಯಲ್ಲ, ನಿನ್ನ ಕಣ್ಣು ತುಂಬಾ ಚುರುಕು. ಕೆಂಪು ಬಣ್ಣ ಗಂಡು ಓತಿಕ್ಯಾತ "ಈ ಬೇಲಿ ನಂದು" ಅಂತ ಬೇರೆ ಗಂಡುಗಳಿಗೆ ಹೇಳೋದಕ್ಕೆ, ಹೆಣ್ಣನ್ನ ಕರೆಯೋದಕ್ಕೆ ತೋರಿಸೋ ಬಣ್ಣ. ರಕ್ತ ಹೀರುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡ, ಕಲ್ಲು ಹೊಡೆಯೋರಿಗೂ ನೀನೇ ಹೇಳು. ಈಗ ಕಂದು ಆಗಿರೋದು ಹೆದರಿಕೆಗೆ, ಚಳಿಗೆ. ಡಬ್ಬಿ ಒಳಗೆ ಬೇಲಿ ಇಲ್ಲ, ಬಿಸಿಲಿಲ್ಲ.

ಅದು ಡಬ್ಬೀಲಿ ಏನು ಕೊಟ್ರೂ ತಿನ್ನಲ್ಲ ಕಂದ. ಡ್ರ್ಯಾಗೋ ಥರದ್ದು ಮನೆಯಲ್ಲೇ ಹುಟ್ಟಿ ಎಷ್ಟೋ ತಲೆಮಾರಿಂದ ಮನುಷ್ಯರ ಜೊತೆ ಬೆಳೆದಿರೋದು, ನಿನ್ನ ಓತಿಕ್ಯಾತ ತೋಟದ್ದು. ಮೈ ಕಾಯದೆ ಹಸಿವಾಗಲ್ಲ, ಹೆದರಿಕೆ ಇರುವಾಗ ಬೇಟೆ ಆಡಲ್ಲ, ಅನ್ನ ಅಂತೂ ಅದಕ್ಕೆ ಊಟಾನೇ ಅಲ್ಲ, ಓಡಾಡೋ ಹುಳಾನೇ ಬೇಕು. ನಾಳೆ ಬೆಳಗ್ಗೆ ಬಿಸಿಲು ಬಂದ ಮೇಲೆ, ರಾತ್ರಿ ಬೇಡ ಮಳೇಲೂ ಬೇಡ, ಡಬ್ಬಿ ತಗೊಂಡು ಎಲ್ಲಿ ಹಿಡಿದ್ಯೋ ಅದೇ ಜಾಗಕ್ಕೆ ಹೋಗು, ಬೇರೆ ಕಡೆ ಬಿಟ್ರೆ ಅಲ್ಲಿರೋ ಗಂಡು ಓತಿ ಕಚ್ಚಿ ಓಡಿಸುತ್ತೆ. ಸುತ್ತ ಬೆಕ್ಕು, ಕೋಳಿ ಇಲ್ಲ ಅಂತ ನೋಡ್ಕೋ. ಡಬ್ಬೀನ ಬೇಲಿ ಬುಡದಲ್ಲಿ ಅಡ್ಡ ಮಲಗಿಸಿ ಮುಚ್ಚಳ ತೆಗೆದು ನೀನು ಹತ್ತು ಹೆಜ್ಜೆ ದೂರ ಹೋಗಿ ಕೂರು, ಒಂದು ನೋಟ್‌ಬುಕ್ ಇಟ್ಕೋ. ಎಷ್ಟು ಹೊತ್ತಿಗೆ ಹೊರಗೆ ಬಂತು, ಎಲ್ಲಿಗೆ ಹತ್ತಿತು, ಬಣ್ಣ ಯಾವಾಗ ಬದಲಾಯ್ತು ಎಲ್ಲಾ ಬರಿ, ಬರೆದು ನನಗೆ ಕಳಿಸು. ಮೂರು ದಿನ ಉಪವಾಸ ಇದ್ರೂ ಅದು ಮೊದಲು ಇರುವೆ ಹುಡುಕಲ್ಲ ನೋಡ್ತಿರು, ಬೇಲಿ ಗೂಟದ ತುದಿ ಹತ್ತಿ ಬಿಸಿಲಿಗೆ ಮೈ ಕೊಟ್ಟು ಕೂರುತ್ತೆ.